ಚಪ್ಪಟೆ ಇದ್ದದ್ದೆಲ್ಲ ಕಣಿವೆ ತಳವಲ್ಲ

ಮಾನ್ಯ ಸಂಪಾದಕರೇ,

ಎತ್ತರದ ಡಿಜಿಟಲ್ ಮಾಹಿತಿಯಿಂದ ಕಣಿವೆ ತಳಗಳನ್ನು ಗುರುತಿಸುವ ಕುರಿತು ನಿಮ್ಮ ವಿಜ್ಞಾನ ಪುಟದಲ್ಲಿ ಬಂದ ಲೇಖನ ಓದಿದೆವು. ಇಂಥ ವಿಷಯಕ್ಕೆ ಅರ್ಧ ಪುಟ ಸಿಗುವುದೇ ಅಪರೂಪ, ಅದಕ್ಕೆ ಧನ್ಯವಾದ. ಆದರೆ ಇಳಿಜಾರು ಕಡಿಮೆ ಇರುವ ಜಾಗಗಳನ್ನೆಲ್ಲ ಆರಿಸಿಕೊಂಡರೆ ಕಣಿವೆ ತಳದ ನಕ್ಷೆ ಸಿದ್ಧ ಎಂದು ಅದರಲ್ಲಿ ಹೇಳಿರುವುದು ಸರಿಯಲ್ಲ. ಅದನ್ನು ನಂಬಿ ಯಾರಾದರೂ ನಕ್ಷೆ ಮಾಡಲು ಕೂತರೆ ಬೆಟ್ಟದ ನೆತ್ತಿಯ ಮೇಲೂ ಕಣಿವೆ ತಳ ಕಾಣಿಸುತ್ತದೆ. ಪ್ರಸ್ಥಭೂಮಿಯೂ ಚಪ್ಪಟೆ, ಗುಡ್ಡದ ತಲೆಯೂ ಎಷ್ಟೋ ಸಲ ಚಪ್ಪಟೆ, ಇಳಿಜಾರಿನ ನಡುವೆ ಸಿಗುವ ಮೆಟ್ಟಿಲಂಥ ಜಾಗವೂ ಚಪ್ಪಟೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವ ಹಾಗೆ.

ಕಣಿವೆ ತಳ ಎನ್ನಿಸಿಕೊಳ್ಳಬೇಕಾದರೆ ಎರಡು ಗುಣ ಒಟ್ಟಿಗೇ ಇರಬೇಕು: ಜಾಗ ಚಪ್ಪಟೆಯಾಗಿರಬೇಕು, ಸುತ್ತಲಿನ ನೆಲಕ್ಕಿಂತ ತಗ್ಗಿನಲ್ಲೂ ಇರಬೇಕು. ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. 2,000 ಮೀಟರ್ ಎತ್ತರದಲ್ಲೂ ಕಣಿವೆ ಇರುತ್ತದೆ, 50 ಮೀಟರ್ ಎತ್ತರದಲ್ಲೂ ಗುಡ್ಡ ಇರುತ್ತದೆ. ತಗ್ಗು ಎಂದರೆ ಯಾವಾಗಲೂ ಯಾವುದಕ್ಕಿಂತ ತಗ್ಗು ಎಂಬ ಪ್ರಶ್ನೆಯೇ.

ಈ ಎರಡೂ ಗುಣಗಳನ್ನು ಸಂಖ್ಯೆಯಾಗಿಸುವ ಒಳ್ಳೆಯ ದಾರಿಯನ್ನು ಜಾನ್ ಗ್ಯಾಲಂಟ್ ಮತ್ತು ಟ್ರೆವರ್ ಡೌಲಿಂಗ್ ಎಂಬ ಆಸ್ಟ್ರೇಲಿಯಾದ ಸಂಶೋಧಕರು 2003ರಲ್ಲಿ ಪ್ರಕಟಿಸಿದರು. ಮಣ್ಣು ಕೊಚ್ಚಿ ಬಂದು ತಂಗುವ ಜಾಗಗಳನ್ನು ಗುರುತಿಸುವುದು ಅವರ ಉದ್ದೇಶವಾಗಿತ್ತು. ಹಲವು ಅಳತೆಗಳಲ್ಲಿ ಕಣಿವೆ ತಳದ ಚಪ್ಪಟೆತನ ನೋಡುವ ಈ ಸೂಚ್ಯಂಕವನ್ನು ಈ ಕ್ಷೇತ್ರದವರು ಚುಟುಕಾಗಿ ಎಂಆರ್‌ವಿಬಿಎಫ್ ಎಂದು ಕರೆಯುತ್ತಾರೆ. ಸಾಗಾ ಎಂಬ ನಕ್ಷೆ ತಂತ್ರಾಂಶದಲ್ಲಿ ಅದು ಸಿದ್ಧ ರೂಪದಲ್ಲಿದೆ, ಗ್ರಾಸ್ ತಂತ್ರಾಂಶಕ್ಕೂ ಸೇರ್ಪಡೆಯಾಗಿ ಸಿಗುತ್ತದೆ. ಗುಂಡಿ ಒತ್ತಿದರೆ ಉತ್ತರ ಬರುತ್ತದೆ, ನಿಜ. ಆದರೆ ಒಳಗೆ ಏನು ನಡೆಯುತ್ತದೆಂದು ಗೊತ್ತಿಲ್ಲದವರಿಗೆ ಬಂದ ಉತ್ತರ ತಪ್ಪಾದರೂ ತಿಳಿಯುವುದಿಲ್ಲ. ಹಾಗಾಗಿ ಒಂದೇ ಒಂದು ಚೌಕವನ್ನು ಹಿಡಿದು ಲೆಕ್ಕ ಮಾಡಿ ತೋರಿಸುತ್ತೇವೆ.

ಎತ್ತರದ ಡಿಜಿಟಲ್ ಮಾದರಿ, ಬಳಕೆಯ ಮಾತಿನಲ್ಲಿ ಡಿಇಎಂ, ಎಂದರೆ ನೆಲವನ್ನು ಸಮಾನ ಚೌಕಗಳಾಗಿ ಕತ್ತರಿಸಿ ಪ್ರತಿ ಚೌಕಕ್ಕೂ ಒಂದು ಎತ್ತರ ಬರೆದಿಟ್ಟ ಕೋಷ್ಟಕ. ಚೌಕದ ಬದಿ 25 ಮೀಟರ್ ಎಂದಿಟ್ಟುಕೊಳ್ಳಿ. ಮೊದಲ ಪ್ರಶ್ನೆ ಚಪ್ಪಟೆತನದ್ದು. ಇಳಿಜಾರಿನ ಮಿತಿ ಶೇಕಡಾ 16. ಆದರೆ ಇದು ಕತ್ತಿಯಿಂದ ಕಡಿದಂತೆ ಒಳಗೆ-ಹೊರಗೆ ಮಾಡುವ ಮಿತಿಯಲ್ಲ. ಚೌಕದ ಇಳಿಜಾರನ್ನು 16ರಿಂದ ಭಾಗಿಸಿ, ಬಂದದ್ದನ್ನು ನಾಲ್ಕನೇ ಘಾತಕ್ಕೇರಿಸಿ, ಒಂದು ಕೂಡಿಸಿ, ಆ ಮೊತ್ತದಿಂದ ಒಂದನ್ನು ಭಾಗಿಸಬೇಕು. ಇಳಿಜಾರು ಶೇ 4 ಇದ್ದರೆ ಉತ್ತರ 0.996, ಅಂದರೆ ಪೂರಾ ಚಪ್ಪಟೆ. ಶೇ 16 ಇದ್ದರೆ ಸರಿಯಾಗಿ 0.5. ಶೇ 32 ಇದ್ದರೆ 0.06ರ ಆಸುಪಾಸು. ಮಿತಿಯ ಹತ್ತಿರ ಸುಳಿದಾಡುವ ಚೌಕಗಳು ಒಮ್ಮೆಲೇ ಆ ಕಡೆಗೋ ಈ ಕಡೆಗೋ ಬೀಳದೆ ಮೆಲ್ಲಗೆ ಜಾರುತ್ತವೆ. ಕಣಿವೆಯ ಅಂಚು ನೆಲದ ಮೇಲೂ ಗೆರೆ ಎಳೆದ ಹಾಗೆ ಇರುವುದಿಲ್ಲವಲ್ಲ.

ಎರಡನೆಯದು ತಗ್ಗಿನ ಪ್ರಶ್ನೆ. ಆ ಚೌಕದ ಸುತ್ತ ಮೂರು ಚೌಕ ತ್ರಿಜ್ಯದ ವೃತ್ತ ಎಳೆದರೆ ಅದರೊಳಗೆ 28 ನೆರೆಯ ಚೌಕಗಳು ಬರುತ್ತವೆ. ಅವುಗಳಲ್ಲಿ ನಮ್ಮ ಚೌಕಕ್ಕಿಂತ ಕೆಳಗಿರುವವು ಎಷ್ಟು ಎಂದು ಎಣಿಸಬೇಕು. 28ರಲ್ಲಿ ಐದಾರು ಮಾತ್ರ ಕೆಳಗಿದ್ದರೆ ಆ ಪಾಲು, ಅಂದರೆ ನಮ್ಮ ಚೌಕದ ಸ್ಥಾನ, ಸುಮಾರು 0.2. ಇಲ್ಲಿಯ ಮಿತಿ 0.4, ಘಾತ ಮೂರು. ಹಿಂದಿನ ಸೂತ್ರವನ್ನೇ ಹಾಕಿದರೆ 0.2ಕ್ಕೆ 0.889 ಬರುತ್ತದೆ. ಶೇ 4ರ ಇಳಿಜಾರಿಗೆ ಬಂದ 0.996ನ್ನೂ ಇದನ್ನೂ ಗುಣಿಸಿದರೆ 0.885. ಗುಣಾಕಾರವೇ ಇಲ್ಲಿಯ ಜೀವಾಳ. ಕೂಡಿಸಿದ್ದರೆ ಒಂದರ ಕೊರತೆಯನ್ನು ಇನ್ನೊಂದು ತುಂಬಿಬಿಡುತ್ತಿತ್ತು.

ಈಗ ಗುಡ್ಡದ ತಲೆಯ ಮೇಲಿನ ಚಪ್ಪಟೆ ಚೌಕಕ್ಕೆ ಬನ್ನಿ. ಇಳಿಜಾರು ಬರೀ ಶೇ 2, ಚಪ್ಪಟೆತನಕ್ಕೆ ಹತ್ತಿರ ಹತ್ತಿರ ಪೂರ್ತಿ ಅಂಕ. ಆದರೆ ನೆರೆಯವುಗಳಲ್ಲಿ ಹತ್ತರಲ್ಲಿ ಎಂಟು ಪಾಲು ಅದಕ್ಕಿಂತ ಕೆಳಗಿವೆ, ಸ್ಥಾನ 0.8. ತಗ್ಗಿನ ಅಂಕ 0.11ಕ್ಕೆ ಇಳಿಯುತ್ತದೆ, ಗುಣಲಬ್ಧವೂ ಅಷ್ಟೇ. ಗುಣಲಬ್ಧವನ್ನು 0.3ರ ಮಿತಿ, ನಾಲ್ಕರ ಘಾತ ಇಟ್ಟು ಅದೇ ಸೂತ್ರದಲ್ಲಿ ಹಾಯಿಸಿ, ಬಂದದ್ದನ್ನು ಒಂದರಿಂದ ಕಳೆದರೆ ಮೊದಲ ಹಂತದ ಅಂಕ ಸಿಗುತ್ತದೆ. ಕಣಿವೆಯ ಚೌಕಕ್ಕೆ 0.99, ಗುಡ್ಡದ ಚೌಕಕ್ಕೆ 0.02. ಬರೀ ಇಳಿಜಾರು ನೋಡಿದ್ದರೆ ಗುಡ್ಡದ ಚೌಕವೇ ಗೆಲ್ಲುತ್ತಿತ್ತು.

ಇಲ್ಲಿಗೆ ಸಿಕ್ಕಿದ್ದು ಸಣ್ಣ ಹಳ್ಳಗಳ ತಳ ಮಾತ್ರ. ಐದು ಕಿಲೋಮೀಟರ್ ಅಗಲದ ನದಿ ಬಯಲಿನ ನಡುವೆ ನಿಂತು 75 ಮೀಟರ್ ತ್ರಿಜ್ಯದ ವೃತ್ತ ಎಳೆದರೆ ಒಳಗಿರುವುದೆಲ್ಲ ಬಯಲೇ. ಯಾವುದು ಮೇಲೆ ಯಾವುದು ಕೆಳಗೆ ಎಂಬುದು ಅಲ್ಲಿ ಗೊಬ್ಬರದ ಗುಡ್ಡೆ, ಬದು, ಮಾಹಿತಿಯೊಳಗಿನ ದೋಷ ಇವುಗಳಿಂದ ತೀರ್ಮಾನವಾಗುತ್ತದೆ. ಅದಕ್ಕೇ ಹಂತ ಹಂತವಾಗಿ ದೂರ ಸರಿದು ನೋಡಬೇಕು. ಎರಡನೇ ಹಂತದಲ್ಲಿ ಮಾಹಿತಿ ಅದೇ, ಇಳಿಜಾರಿನ ಮಿತಿ ಅರ್ಧಕ್ಕಿಳಿದು ಶೇ 8, ವೃತ್ತದ ತ್ರಿಜ್ಯ ಆರು ಚೌಕ. ಮೂರನೇ ಹಂತಕ್ಕೆ ಮೊದಲು ಮೇಲ್ಮೈಯನ್ನು ನಯಗೊಳಿಸಿ ಚೌಕವನ್ನು ಮೂರು ಪಟ್ಟು ದೊಡ್ಡದು ಮಾಡಬೇಕು: 75 ಮೀಟರ್ ಚೌಕ, ಮಿತಿ ಶೇ 4. ಆಮೇಲೆ 225 ಮೀಟರ್, ಶೇ 2. ಆಮೇಲೆ 675 ಮೀಟರ್, ಶೇ 1. ಪ್ರತಿ ಹಂತದ ಚಪ್ಪಟೆತನವನ್ನು ಹಿಂದಿನ ಹಂತಗಳದ್ದರೊಂದಿಗೆ ಗುಣಿಸುತ್ತಾ ಹೋಗುವುದರಿಂದ, ಹತ್ತಿರದಿಂದ ಕಡಿದಾಗಿದ್ದ ಜಾಗ ದೂರದಿಂದ ನೋಡಿದಾಗ ಮಸುಕಾಗಿ ಚಪ್ಪಟೆ ಎನ್ನಿಸಿಕೊಳ್ಳುವ ಮೋಸ ನಡೆಯುವುದಿಲ್ಲ.

ಕೊನೆಗೆ ಬರುವ ಸಂಖ್ಯೆ ಶೇಕಡಾವಾರು ಅಲ್ಲ, ಸಂಭಾವ್ಯತೆಯೂ ಅಲ್ಲ; ದೊಡ್ಡ ದೊಡ್ಡ ಹಂತಗಳಲ್ಲೂ ಕಣಿವೆ ತಳ ಎನ್ನಿಸಿಕೊಂಡಷ್ಟೂ ಅದು ಒಂದೊಂದೇ ಅಂಕ ಮೇಲೇರುತ್ತದೆ. 0.5ಕ್ಕಿಂತ ಕಡಿಮೆ ಇದ್ದರೆ ಕಣಿವೆ ತಳವಲ್ಲ. 0.5ರಿಂದ 1.5 ಎಂದರೆ ಇಕ್ಕಟ್ಟಾದ, ತುಸು ಕಡಿದಾದ ತಳ. 1.5ರಿಂದ 2.5, 2.5ರಿಂದ 3.5 ಎಂದು ಮೇಲೇರಿದಂತೆ ತಳ ಅಗಲವಾಗುತ್ತದೆ, ಚಪ್ಪಟೆಯಾಗುತ್ತದೆ. ಪತ್ರಿಕೆಯಲ್ಲಿ ಇಂಥ ನಕ್ಷೆ ಹಾಕುವಾಗ ನೀಲಿಯ ಏರುಬಣ್ಣ ಕೊಟ್ಟು ಬಿಡುವುದಕ್ಕಿಂತ ಈ ಅರ್ಧ ಅಂಕಗಳ ಗಡಿಗೆ ತಕ್ಕ ಹಾಗೆ ನಾಲ್ಕೈದು ಬಣ್ಣ ಕೊಡುವುದು ಒಳ್ಳೆಯದು.

ಇನ್ನು ಎಡವುವ ಜಾಗಗಳು. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತಪ್ಪು ಆ 16 ಎಂಬ ಸಂಖ್ಯೆಯನ್ನು ಮುಟ್ಟದೇ ಬಿಡುವುದು. ಅದು 25 ಮೀಟರ್ ಚೌಕಕ್ಕೆ ಹೊಂದುವ ಮಿತಿ. ಚೌಕ ದೊಡ್ಡದಾದಷ್ಟೂ ಏರುಪೇರು ಸರಾಸರಿಯಲ್ಲಿ ಕರಗಿ ಅದೇ ಗುಡ್ಡದ ಮೈ ಹೆಚ್ಚು ಸಪಾಟಾಗಿ ಕಾಣುತ್ತದೆ. ಚೌಕ ಮೂರು ಪಟ್ಟಾದರೆ ಮಿತಿ ಅರ್ಧ ಎಂಬುದು ಲೆಕ್ಕ. 30 ಮೀಟರ್ ಮಾಹಿತಿಗೆ ಸುಮಾರು 14, 90 ಮೀಟರ್ ಮಾಹಿತಿಗೆ ಸುಮಾರು 7. 90 ಮೀಟರ್ ಮಾಹಿತಿಗೆ 16ನ್ನೇ ಇಟ್ಟರೆ ತಪ್ಪಲೆಲ್ಲ ಕಣಿವೆಯಾಗಿ ಗುಡ್ಡಗಳು ದ್ವೀಪಗಳಂತೆ ಉಳಿಯುತ್ತವೆ. 8 ಮೀಟರ್‌ನಷ್ಟು ಸಣ್ಣ ಚೌಕವಾದರೆ ಉಲ್ಟಾ, ಮಿತಿ 32ರ ಹತ್ತಿರ ಹೋಗಬೇಕು.

ಎರಡನೇ ತಪ್ಪು ಅಕ್ಷಾಂಶ-ರೇಖಾಂಶದ ಡಿಗ್ರಿಗಳಲ್ಲೇ ಲೆಕ್ಕಕ್ಕೆ ಕೂರುವುದು. ಉಚಿತವಾಗಿ ಸಿಗುವ ಬಹುತೇಕ ಡಿಇಎಂಗಳು ಬರುವುದು ಹಾಗೆಯೇ: ಚೌಕದ ಬದಿ ಒಂದು ಡಿಗ್ರಿಯ 3,600ನೇ ಒಂದು ಭಾಗ, ಎತ್ತರ ಮಾತ್ರ ಮೀಟರ್‌ನಲ್ಲಿ. ತಂತ್ರಾಂಶ ಎರಡನ್ನೂ ಒಂದೇ ಅಳತೆ ಎಂದು ತಿಳಿದರೆ ಒಂದು ಮೀಟರ್ ಏರಿಕೆಯೂ ಚೌಕದ ಬದಿಯ 3,600 ಪಟ್ಟು ಎಂದಾಗುತ್ತದೆ. ಇಳಿಜಾರಿನ ನಕ್ಷೆ ತೆರೆದಾಗ ಎಲ್ಲೆಲ್ಲೂ 89 ಡಿಗ್ರಿ ಚಿಲ್ಲರೆ ಕಂಡರೆ ಕಾರಣ ಇದೇ. ಮೊದಲು ಯುಟಿಎಂನಂಥ ಮೀಟರ್ ಆಧಾರಿತ ಪ್ರಕ್ಷೇಪಕ್ಕೆ ಬದಲಾಯಿಸಬೇಕು. ಬದಲಾಯಿಸುವಾಗ ಹತ್ತಿರದ ಚೌಕದ ಬೆಲೆಯನ್ನು ಹಾಗೇ ಎತ್ತಿಕೊಳ್ಳುವ ವಿಧಾನ ಬೇಡ. ಅದು ಕೆಲವು ಸಾಲುಗಳನ್ನು ಎರಡೆರಡು ಸಲ ಬರೆದು, ಇಳಿಜಾರಿನ ನಕ್ಷೆಯಲ್ಲಿ ಉದ್ದುದ್ದ ಪಟ್ಟೆಗಳನ್ನು ಮೂಡಿಸುತ್ತದೆ. ಸುತ್ತಲಿನ ಚೌಕಗಳಿಂದ ಬೆಲೆ ಲೆಕ್ಕ ಹಾಕುವ ಬೈಲಿನಿಯರ್ ಅಥವಾ ಕ್ಯೂಬಿಕ್ ವಿಧಾನ ಆರಿಸಿ. ಭೂಮಧ್ಯರೇಖೆಯಿಂದ ದೂರ ಹೋದಂತೆ ಪೂರ್ವ-ಪಶ್ಚಿಮದ ಅಳತೆ ಕುಗ್ಗುವುದೂ ನೆನಪಿರಲಿ; 60 ಡಿಗ್ರಿ ಅಕ್ಷಾಂಶದಲ್ಲಿ ಆ 30 ಮೀಟರ್ ಎಂಬುದು ಬರೀ 15 ಮೀಟರ್.

ಮೂರನೆಯದು ಮರಗಳು. ಇದು ತಂತ್ರಾಂಶದ ತಪ್ಪೂ ಅಲ್ಲ, ಬಳಸುವವರ ತಪ್ಪೂ ಅಲ್ಲ, ಮಾಹಿತಿಯ ಸ್ವಭಾವವೇ ಹಾಗೆ. ಎಸ್‌ಆರ್‌ಟಿಎಂ ಎಂಬ ಎತ್ತರದ ಮಾಹಿತಿಯನ್ನು 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ 11 ದಿನಗಳಲ್ಲಿ ರಾಡಾರ್ ಮೂಲಕ ಸಂಗ್ರಹಿಸಲಾಯಿತು. ಅದರ ತರಂಗಾಂತರ ಸುಮಾರು 5.6 ಸೆಂಟಿಮೀಟರ್. ಕೋಪರ್ನಿಕಸ್ ಜಿಎಲ್‌ಒ-30 ಎಂಬ ಇನ್ನೊಂದು ಡಿಇಎಂನ ಮೂಲವಾದ ಟ್ಯಾನ್‌ಡೆಮ್-ಎಕ್ಸ್ ಉಪಗ್ರಹಗಳದ್ದು 3.1 ಸೆಂಟಿಮೀಟರ್. ಇಷ್ಟು ಸಣ್ಣ ಅಲೆ ದಟ್ಟ ಎಲೆಗಳನ್ನು ದಾಟಿ ನೆಲ ಮುಟ್ಟುವುದಿಲ್ಲ, ಮೇಲಿನಿಂದಲೋ ನಡುವಿನಿಂದಲೋ ವಾಪಸಾಗುತ್ತದೆ. ಹಳ್ಳದ ಎರಡೂ ದಂಡೆಯಲ್ಲಿ 12 ಮೀಟರ್ ಎತ್ತರದ ಮರಗಳ ಸಾಲಿದ್ದು ಪಕ್ಕದಲ್ಲಿ ಬೋಳು ಹೊಲವಿದೆ ಎನ್ನಿ. ಡಿಇಎಂನಲ್ಲಿ ಹಳ್ಳವೇ ದಿಣ್ಣೆಯಾಗುತ್ತದೆ! ಸ್ಥಾನ 0.1 ಇರಬೇಕಾದಲ್ಲಿ 0.9. ಮರಗಳ ಅಂಚಿನಲ್ಲಿ 30 ಮೀಟರ್ ಚೌಕದ ಇಳಿಜಾರು ಎಡ-ಬಲ ನೆರೆಗಳ ನಡುವೆ, ಅಂದರೆ 60 ಮೀಟರ್ ದೂರಕ್ಕೆ 12 ಮೀಟರ್, ಶೇ 20. ಎರಡೂ ಪರೀಕ್ಷೆಯಲ್ಲಿ ಫೇಲು. ಕಣಿವೆಯ ನಟ್ಟನಡುವೆ ಉದ್ದಕ್ಕೂ ಒಂದು ಸೀಳು ಬಿಟ್ಟುಹೋದ ನಕ್ಷೆ ನೋಡಿದರೆ ಉಪಗ್ರಹ ಚಿತ್ರ ತೆರೆದು ಅಲ್ಲಿ ಮರ ಇದೆಯೇ ನೋಡಿ. ಮರ, ಕಟ್ಟಡಗಳ ಎತ್ತರವನ್ನು ಯಂತ್ರಕಲಿಕೆಯಿಂದ ಕಳೆದು ಸಿದ್ಧಪಡಿಸಿದ ಫ್ಯಾಬ್‌ಡೆಮ್ ಎಂಬ ಮಾಹಿತಿ 2022ರಿಂದ ಲಭ್ಯವಿದೆ. ವಾಣಿಜ್ಯ ಬಳಕೆಗೆ ನಿರ್ಬಂಧವಿದ್ದರೂ ಈ ಕೆಲಸಕ್ಕೆ ಅದು ನಮ್ಮ ಮೊದಲ ಆಯ್ಕೆ. ದಟ್ಟ ಕಾಡಿನಲ್ಲಿ ಅದೂ ಪೂರ್ತಿ ನೆಲ ತೋರಿಸುತ್ತದೆಂದು ನಂಬಬೇಡಿ.

ಎಸ್‌ಆರ್‌ಟಿಎಂಗೆ ಇನ್ನೊಂದು ಕಾಟವಿದೆ, ಎತ್ತರಗಳು ಪೂರ್ಣ ಮೀಟರ್‌ಗಳಲ್ಲಿವೆ. ಸಮನಾದ ಬಯಲಿನಲ್ಲಿ 112, 112, 112, ಆಮೇಲೆ ಇದ್ದಕ್ಕಿದ್ದಂತೆ 113. ಮೆಟ್ಟಿಲಿರುವಲ್ಲಿ ಇಳಿಜಾರು ಶೇ 1.7, ಉಳಿದೆಡೆ ಸೊನ್ನೆ. ಮೊದಲ ಹಂತದ ಮಿತಿಗೆ ಇದು ತಾಗುವುದಿಲ್ಲ. ಶೇ 1, ಶೇ 2ರ ಹಂತಗಳಿಗೆ ತಾಗುತ್ತಿತ್ತು. ನಯಗೊಳಿಸುವ ಹೆಜ್ಜೆ ಇಟ್ಟಿರುವುದರಿಂದ ಬಚಾವು. ಬರೀ ಇಳಿಜಾರಿನ ಮೇಲೆ ಶೇ 1ರ ಮಿತಿ ಹಾಕಿ ಬಯಲು ಹುಡುಕುವವರಿಗೆ ಮಾತ್ರ ನಕ್ಷೆಯ ತುಂಬೆಲ್ಲ ಸಮೋನ್ನತಿ ರೇಖೆಗಳಂಥ ಗೆರೆಗಳೇ ಸಿಗುತ್ತವೆ.

ಗುಂಡಿ ತುಂಬುವ ಅಭ್ಯಾಸದ ಬಗ್ಗೆ ಎರಡು ಮಾತು. ಡಿಇಎಂ ಸಿಕ್ಕ ಕೂಡಲೇ ಅದರೊಳಗಿನ ತಗ್ಗುಗಳನ್ನೆಲ್ಲ ತುಂಬಿಸಿ ನೀರು ಹರಿಯುವಂತೆ ಮಾಡುವುದು ಎಲ್ಲರ ರೂಢಿ. ಎಂಆರ್‌ವಿಬಿಎಫ್‌ಗೆ ಅದು ಬೇಕಿಲ್ಲ, ಇಲ್ಲಿ ನೀರಿನ ಹರಿವಿನ ಲೆಕ್ಕವೇ ಇಲ್ಲ. ತುಂಬಿಸಿದರೆ ಕೆಡುಕೇ ಹೆಚ್ಚು. ರಸ್ತೆಯ ಏರಿ ಕಣಿವೆಗೆ ಅಡ್ಡ ಬಂದಲ್ಲಿ, ಕೆಳಗಿನ ಮೋರಿ ಡಿಇಎಂಗೆ ಕಾಣುವುದಿಲ್ಲ. ಏರಿಯ ಹಿಂದಿನ ಕಣಿವೆಯನ್ನು ಅದರ ತಲೆಮಟ್ಟಕ್ಕೆ ತುಂಬಿಸಿ ತಂತ್ರಾಂಶ ಒಂದು ಕನ್ನಡಿಯಂಥ ಕೆರೆ ಸೃಷ್ಟಿಸುತ್ತದೆ, ಅದು ಸೀದಾ ಅತಿ ಚಪ್ಪಟೆ ಕಣಿವೆ ತಳವೆಂದು ದಾಖಲಾಗುತ್ತದೆ. ಹರಿವಿನ ಲೆಕ್ಕ ಬೇಕಾದ ಬೇರೆ ವಿಧಾನಗಳಲ್ಲಿ ತುಂಬಿಸುವ ಬದಲು ಏರಿಯನ್ನೇ ಒಂದು ಚೌಕದಷ್ಟು ಕಡಿದು ದಾರಿ ಬಿಡಿಸುವುದು ಲೇಸು. ಲೇಸರ್ ಬಿಟ್ಟು ಅಳೆಯುವ ಲೈಡಾರ್‌ನ ಒಂದು ಮೀಟರ್ ಮಾಹಿತಿಯಲ್ಲಂತೂ ಸೇತುವೆ, ಮೋರಿಗಳದ್ದೇ ದೊಡ್ಡ ರಗಳೆ. ಅಷ್ಟು ಸೂಕ್ಷ್ಮ ಮಾಹಿತಿಗೆ ಚರಂಡಿ, ನೇಗಿಲ ಸಾಲು ಕೂಡ ಕಣಿವೆಯೇ, ಹಾಗಾಗಿ 5 ಅಥವಾ 10 ಮೀಟರ್‌ಗೆ ಸರಾಸರಿ ಮಾಡಿಕೊಂಡೇ ಶುರು ಮಾಡಿ.

ನಕ್ಷೆಯ ಅಂಚಿನ ಸಂಗತಿ ಬಹಳ ಜನ ಮರೆಯುತ್ತಾರೆ. 675 ಮೀಟರ್ ಚೌಕದ ಹಂತದಲ್ಲಿ ಆರು ಚೌಕದ ವೃತ್ತ ಎಂದರೆ ನಾಲ್ಕು ಕಿಲೋಮೀಟರ್ ಆಚೆಗಿನ ನೆಲವನ್ನೂ ನೋಡಬೇಕು. ಅದರ ಮುಂದಿನ ಹಂತಕ್ಕೆ 12 ಕಿಲೋಮೀಟರ್. ಬೇಕಾದ ಪ್ರದೇಶದ ಗಡಿಗೆ ಸರಿಯಾಗಿ ಡಿಇಎಂ ಕತ್ತರಿಸಿ ಕೂತರೆ ಅಂಚಿನ ಚೌಕಗಳಿಗೆ ಅರ್ಧ ವೃತ್ತ ಮಾತ್ರ ಸಿಗುತ್ತದೆ, ಗುಡ್ಡದ ಬುಡವೋ ನೆತ್ತಿಯೋ ತಿಳಿಯುವುದಿಲ್ಲ. ಕನಿಷ್ಠ 15 ಕಿಲೋಮೀಟರ್ ಹೆಚ್ಚುವರಿ ಅಂಚು ಇಟ್ಟುಕೊಂಡು ಲೆಕ್ಕ ಮುಗಿದ ಮೇಲೆ ಕತ್ತರಿಸಿ. ಸಮುದ್ರ ಇದ್ದರೆ ಅದನ್ನು ಸೊನ್ನೆ ಎತ್ತರವೆಂದು ಬಿಡದೆ ಮಾಹಿತಿ ಇಲ್ಲದ ಜಾಗವೆಂದು ಗುರುತಿಸಿ. ಇಲ್ಲವಾದರೆ ಕರಾವಳಿ ಬಯಲೆಲ್ಲ ಸಮುದ್ರಕ್ಕಿಂತ ಮೇಲಿದೆ ಎಂಬ ಕಾರಣಕ್ಕೇ ದಿಬ್ಬವಾಗಿಬಿಡುತ್ತದೆ.

ಈ ವಿಧಾನಕ್ಕೂ ಮಿತಿಗಳಿವೆ, ಮುಚ್ಚಿಡುವುದಿಲ್ಲ. ಒಂದೇ ಸಮನೆ ಒಂದು ದಿಕ್ಕಿಗೆ ವಾಲಿದ ದೊಡ್ಡ ಬಯಲಿನಲ್ಲಿ ಪ್ರತಿ ಚೌಕದ ಸ್ಥಾನವೂ 0.5ರ ಹತ್ತಿರ ಇರುತ್ತದೆ. ಲೆಕ್ಕ ಹಾಕಿದರೆ ಅದಕ್ಕೆ 0.62 ಅಂಕ ಬರುತ್ತದೆ, ಅಂದರೆ ಕಣಿವೆಯೇ ಅಲ್ಲದ ಬಯಲು ಕೂಡ ಪಾಸಾಗುತ್ತದೆ. ಹಾಗೆಯೇ ಮೂರ್ನಾಲ್ಕು ಚೌಕಗಳಷ್ಟಾದರೂ ಅಗಲವಿಲ್ಲದ ತಳವನ್ನು ಯಾವ ಸೂತ್ರವೂ ಹಿಡಿಯಲಾರದು. 30 ಮೀಟರ್ ಮಾಹಿತಿ ಕೈಯಲ್ಲಿಟ್ಟುಕೊಂಡು 40 ಮೀಟರ್ ಅಗಲದ ಹಳ್ಳ ಹುಡುಕುವುದು ವ್ಯರ್ಥ.

ಲೇಖನ ಹೆಸರಿಸಿದ ಬೇರೆ ವಿಧಾನಗಳ ಬಗ್ಗೆ ಚುಟುಕಾಗಿ. ಹ್ಯಾಂಡ್ ಎಂಬುದು ಪ್ರತಿ ಚೌಕವೂ ತನ್ನ ನೀರು ಹೋಗಿ ಸೇರುವ ಹಳ್ಳಕ್ಕಿಂತ ಎಷ್ಟು ಮೀಟರ್ ಮೇಲಿದೆ ಎಂದು ಹೇಳುತ್ತದೆ, ಉಪಯುಕ್ತವೇ. ಆದರೆ ಹಳ್ಳ ಎಲ್ಲಿಂದ ಶುರು ಎಂಬುದನ್ನು ನಾವೇ ಹೇಳಬೇಕು. 30 ಮೀಟರ್ ಮಾಹಿತಿಯಲ್ಲಿ 1,000 ಚೌಕ ಎಂದರೆ 0.9 ಚದರ ಕಿಲೋಮೀಟರ್ ಜಲಾನಯನ. ಆ ಸಂಖ್ಯೆ ಬದಲಿಸಿದರೆ ನಕ್ಷೆಯೇ ಬದಲು. ಚಪ್ಪಟೆತನವನ್ನು ಅದು ನೋಡುವುದೂ ಇಲ್ಲ, ಕಮರಿಯ ಗೋಡೆಯ ಬುಡವನ್ನೂ ಒಳಗೆ ಸೇರಿಸಿಕೊಳ್ಳುತ್ತದೆ. ಜಿಯೋಮಾರ್ಫಾನ್ ಎಂಬ ಇನ್ನೊಂದು ವಿಧಾನ ನೆಲವನ್ನು ಹತ್ತು ರೂಪಗಳಾಗಿ ವಿಂಗಡಿಸುತ್ತದೆ, ಅದರಲ್ಲಿ ಕಣಿವೆ ಎಂಬ ಹೆಸರಿನದೂ ಒಂದು. ಹೆಸರು ನೋಡಿ ಮೋಸಹೋಗಬಾರದು. ಅದು ಕೊಡುವುದು ಕಿರಿದಾದ ಕಣಿವೆಯ ಗೆರೆ. ಅಗಲ ತಳವೆಲ್ಲ ಸಮತಟ್ಟು ಎಂಬ ಬೇರೆ ವರ್ಗಕ್ಕೆ ಹೋಗುತ್ತದೆ, ಅದೇ ವರ್ಗದಲ್ಲಿ ಪ್ರಸ್ಥಭೂಮಿಯೂ ಇರುತ್ತದೆ.

ಬಂದ ಉತ್ತರವನ್ನು ಪರೀಕ್ಷಿಸದೆ ಮುದ್ರಿಸುವುದು ಬೇಡ. ಕಣಿವೆಗೆ ಅಡ್ಡಲಾಗಿ ಹತ್ತಾರು ಕಡೆ ಸೀಳುನೋಟ ಎಳೆದು, ಇಳಿಜಾರು ಮುರಿಯುವ ಜಾಗಕ್ಕೂ 0.5ರ ಗೆರೆಗೂ ಎಷ್ಟು ಅಂತರವಿದೆ ಎಂದು ನೋಡಿ. ಗೆರೆ ಸತತವಾಗಿ ಗುಡ್ಡದ ಮೈ ಹತ್ತಿದ್ದರೆ ಇಳಿಜಾರಿನ ಮಿತಿಯನ್ನು ಒಂದೆರಡು ಅಂಕ ಇಳಿಸಿ ಮತ್ತೆ ಓಡಿಸಿ. ಆಮೇಲೆ ಒಳಗೆ 50, ಹೊರಗೆ 50 ಬಿಂದುಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿ, ನಕ್ಷೆ ಮಾಡದ ಇನ್ನೊಬ್ಬರ ಕೈಗೆ ಕೊಟ್ಟು ಉಪಗ್ರಹ ಚಿತ್ರ ಹಾಗೂ ಸಮೋನ್ನತಿ ರೇಖೆಗಳ ಮೇಲೆ ತೀರ್ಮಾನಿಸಲು ಹೇಳಿ. ಬಿಟ್ಟುಹೋದ ತಳವೆಷ್ಟು, ಸುಮ್ಮನೆ ಸೇರಿಕೊಂಡದ್ದೆಷ್ಟು ಎಂಬುದನ್ನು ಬೇರೆ ಬೇರೆಯಾಗಿಯೇ ಬರೆದಿಡಬೇಕು.

ಲೇಖನದ ಕೊನೆಯಲ್ಲಿ ಈ ನಕ್ಷೆಯನ್ನೇ ಪ್ರವಾಹದ ನಕ್ಷೆಯಾಗಿ ಬಳಸಬಹುದೆಂಬ ಧ್ವನಿ ಇದೆ. ನಮಗೆ ಹೆಚ್ಚು ಆತಂಕವಾದದ್ದು ಅಲ್ಲಿಯೇ. ನದಿಗಿಂತ 10 ಮೀಟರ್ ಮೇಲಿರುವ ಹಳೆಯ ದಂಡೆಯ ಮೆಟ್ಟಿಲು ಕೂಡ ಅಗಲ ಕಣಿವೆಯೊಳಗೆ ತಗ್ಗು ಮತ್ತು ಚಪ್ಪಟೆಯೇ, ಅಲ್ಲಿಗೆ ನೀರು ಬಾರದೇ ಇರಬಹುದು. ಉಲ್ಟಾ, ಮರಗಳಿಂದ ದಿಣ್ಣೆಯಾಗಿ ಕಂಡ ಹಳ್ಳದ ದಂಡೆ ಪ್ರತಿ ಮಳೆಗೂ ಮುಳುಗಬಹುದು. ಎತ್ತರದ ನಿಖರತೆಗೆ ಎಸ್‌ಆರ್‌ಟಿಎಂ ಇಟ್ಟುಕೊಂಡ ಗುರಿ ಶೇ 90ರಷ್ಟು ಭರವಸೆಯಲ್ಲಿ 16 ಮೀಟರ್, ಕೋಪರ್ನಿಕಸ್‌ನದು 4 ಮೀಟರ್. ಮನೆಯ ಹೊಸ್ತಿಲಿಗೆ ನೀರು ಬರುತ್ತದೋ ಇಲ್ಲವೋ ಎಂಬ ಪ್ರಶ್ನೆ ಅರ್ಧ ಮೀಟರ್‌ನದು. ಇಂಥ ನಕ್ಷೆಯನ್ನು ಮುಂದೆ ಪ್ರಕಟಿಸುವಾಗ ಅಡಿಯಲ್ಲಿ ಒಂದು ಸಾಲು ಸೇರಿಸುವಂತೆ ಕೋರುತ್ತೇವೆ: ಯಾವ ಡಿಇಎಂ, ಚೌಕದ ಬದಿ ಎಷ್ಟು, ಆರಂಭದ ಇಳಿಜಾರಿನ ಮಿತಿ ಎಷ್ಟು, ಯಾವ ಅಂಕದಿಂದ ಮೇಲೆ ಬಣ್ಣ ಹಚ್ಚಲಾಗಿದೆ. ಇಷ್ಟಿದ್ದರೆ ನಾವೂ ಲೆಕ್ಕ ಹಾಕಿ ನೋಡಬಹುದು.

ಇಂತಿ,
ಭೂರೂಪ ನಕ್ಷೆಗಳ ಕೆಲಸದಲ್ಲಿರುವ ಕೆಲವು ಓದುಗರು